ಮಳೆಮಾಪಕದ ಸಿ ಕೋಡು, ಪೈಥಾನ್ ಪ್ರಾಂಪ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಸಿ ಅಥವಾ ಸಿ++ನಲ್ಲಿ ಬರೆದು ಕಂಪೈಲ್ ಮಾಡಿದ (ಯಂತ್ರಭಾಷೆಗೆ ತಿರುಗಿಸಿದ) ಕೋಡನ್ನು ಪೈಥಾನ್‌ನಂಥ ಸ್ಕ್ರಿಪ್ಟಿಂಗ್ ಭಾಷೆಯ ಪ್ರಾಂಪ್ಟಿನಿಂದ (ಸಾಲು ಬರೆದ ಕೂಡಲೇ ಉತ್ತರ ಕೊಡುವ ಪರದೆ) ಕರೆದು ಪರೀಕ್ಷಿಸುವುದು ಹೇಗೆ? ಹೆಚ್ಚಿನವರು ಮಳೆಮಾಪಕವನ್ನೇ ಮುಂದಿಟ್ಟು ಕೇಳಿರುವುದರಿಂದ ಉತ್ತರಗಳಲ್ಲೂ ಅದೇ ಉದಾಹರಣೆ ಇದೆ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಆರ್ಡುಯಿನೋ ಊನೋ ಆರ್3 ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಬಳಸಿ ಟಿಪ್ಪಿಂಗ್ ಬಕೆಟ್ ಮಳೆಮಾಪಕ ಮಾಡುತ್ತಿದ್ದೇವೆ. ಬಕೆಟ್ ಒಮ್ಮೆ ಮಗುಚಿದರೆ 0.2 ಮಿಲಿಮೀಟರ್ ಮಳೆ. ತೋಟದವರಿಗೆ ಇಂಚು, ಸೆಂಟ್ಸ್ ಲೆಕ್ಕದಲ್ಲೇ ಬೇಕು. ಒಂದು ಸಾಲು ಬದಲಿಸಿದರೂ ಬೋರ್ಡಿಗೆ ಅಪ್‌ಲೋಡ್ ಮಾಡಿ, ನೀರು ಹನಿಸಿ, ಸೀರಿಯಲ್ ಮಾನಿಟರ್ (ಬೋರ್ಡು ಕಳಿಸಿದ್ದನ್ನು ತೋರಿಸುವ ಕಿಟಕಿ) ನೋಡುತ್ತಾ ಕೂರಬೇಕು. ಲ್ಯಾಪ್‌ಟಾಪಿನಲ್ಲೇ ಪರೀಕ್ಷಿಸಲು ಬರುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಬರುತ್ತದೆ. ಆದರೆ ಪೈಥಾನ್ ಮುಟ್ಟುವ ಮೊದಲು ಕೋಡನ್ನು ಎರಡು ಫೈಲಾಗಿ ಒಡೆಯಬೇಕು. ಪಿನ್ ಓದುವುದು, ಇಂಟರಪ್ಟ್, ಸೀರಿಯಲ್, ಎಲ್‌ಸಿಡಿ ಹೀಗೆ ಬೋರ್ಡಿಗೆ ಅಂಟಿಕೊಂಡದ್ದೆಲ್ಲ ಸ್ಕೆಚ್ ಫೈಲಿನಲ್ಲೇ (ಆರ್ಡುಯಿನೋದ ಮುಖ್ಯ ಕೋಡ್ ಫೈಲು) ಇರಲಿ. ಲೆಕ್ಕ ಮಾಡುವ ಫಂಕ್ಷನ್‌ಗಳನ್ನು ಮಾತ್ರ ‘ಮಳೆ.ಸಿ’ ಎಂಬ ಬೇರೆ ಫೈಲಿಗೆ ತನ್ನಿ. ಅದರಲ್ಲಿ ಆರ್ಡುಯಿನೋ ಹೆಡರ್ (ಫಂಕ್ಷನ್, ಟೈಪುಗಳ ಘೋಷಣೆ ಇರುವ ಫೈಲು) ಇರಕೂಡದು, ‘ಎಸ್‌ಟಿಡಿಇಂಟ್.ಎಚ್’ ಸಾಕು. ಲ್ಯಾಪ್‌ಟಾಪಿನ ಜಿಸಿಸಿ ಕಂಪೈಲರ್ ಈ ಫೈಲನ್ನು ತಕರಾರಿಲ್ಲದೆ ಕಂಪೈಲ್ ಮಾಡಿದರೆ ಒಡೆದದ್ದು ಸರಿಯಾಗಿದೆ ಎಂದರ್ಥ. ಸ್ಕೆಚ್ ಫೈಲು ಸಿ++ ಆಗಿ ಕಂಪೈಲ್ ಆಗುವುದರಿಂದ ‘ಮಳೆ.ಎಚ್’ ಹೆಡರಿನಲ್ಲಿ ಘೋಷಣೆಗಳನ್ನು ಹೆಸರುಗಳನ್ನು ಸಿ ರೀತಿಯಲ್ಲೇ ಉಳಿಸುವ ‘ಎಕ್ಸ್‌ಟರ್ನ್ ಸಿ’ ಆವರಣದೊಳಗೆ ಹಾಕಿ. ಇಲ್ಲದಿದ್ದರೆ ಬೋರ್ಡಿಗೆ ಹಾಕುವಾಗ ಲಿಂಕರ್ (ಕಂಪೈಲ್ ಆದ ಫೈಲುಗಳನ್ನು ಜೋಡಿಸುವ ಪ್ರೋಗ್ರಾಮ್) ‘ಅನ್‌ಡಿಫೈನ್ಡ್ ರೆಫರೆನ್ಸ್’ ಎನ್ನುತ್ತದೆ.

ಲಿನಕ್ಸಿನಲ್ಲಿ ಜಿಸಿಸಿಗೆ ‘-ಶೇರ್ಡ್ -ಎಫ್‌ಪಿಐಸಿ -ಜಿ -ಓ0 -ವಾಲ್’ ಆಯ್ಕೆಗಳನ್ನು ಕೊಟ್ಟು ‘ಲಿಬ್‌ಮಳೆ.ಎಸ್‌ಓ’ ಎಂಬ ಶೇರ್ಡ್ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಓಡುವಾಗ ತೆರೆದು ಬಳಸುವ ಫೈಲು) ಮಾಡಿ. ಆಮೇಲೆ ‘ಎನ್‌ಎಂ -ಡಿ’ ಆಜ್ಞೆಯಿಂದ ಅದರೊಳಗಿನ ಹೆಸರುಗಳನ್ನು ನೋಡಿ. ನಿಮ್ಮ ಫಂಕ್ಷನ್ ಹೆಸರಿನ ಎದುರು ದೊಡ್ಡ ‘ಟಿ’ ಅಕ್ಷರ ಕಾಣಬೇಕು. ಹೆಸರೇ ಇಲ್ಲದಿದ್ದರೆ ಆ ಫಂಕ್ಷನ್ ಮುಂದೆ ‘ಸ್ಟ್ಯಾಟಿಕ್’ ಬರೆದಿರುತ್ತೀರಿ. ಸ್ಟ್ಯಾಟಿಕ್ ಆದದ್ದು ಹೊರಗೆ ಕಾಣುವುದಿಲ್ಲ.

ಇನ್ನು ಪೈಥಾನ್ ಪ್ರಾಂಪ್ಟ್ ತೆರೆಯಿರಿ. 2006ರ ಪೈಥಾನ್ 2.5ರಿಂದಲೂ ಭಾಷೆಯ ಜೊತೆಗೇ ಬರುತ್ತಿರುವ ‘ಸಿಟೈಪ್ಸ್’ ಮಾಡ್ಯೂಲ್ ಸಾಕು, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರ ‘ಸಿಡಿಎಲ್‌ಎಲ್’ಗೆ ಲೈಬ್ರರಿಯ ಪಾಥ್ ಕೊಡಿ. ಈಗಿರುವ ಫೋಲ್ಡರಿನದ್ದಾದರೂ ಮುಂದೆ ಚುಕ್ಕೆ ಮತ್ತು ಸ್ಲ್ಯಾಶ್ ಬೇಕು, ಬರೀ ಹೆಸರು ಕೊಟ್ಟರೆ ಸಿಸ್ಟಮ್ ಫೋಲ್ಡರುಗಳಲ್ಲಿ ಮಾತ್ರ ಹುಡುಕುತ್ತದೆ. ನಂತರ ಪ್ರತಿ ಫಂಕ್ಷನ್‌ಗೂ ‘ಆರ್ಗ್‌ಟೈಪ್ಸ್’ನಲ್ಲಿ ಆರ್ಗ್ಯುಮೆಂಟುಗಳ ಟೈಪ್, ‘ರೆಸ್‌ಟೈಪ್’ನಲ್ಲಿ ಹಿಂದಿರುಗುವ ಬೆಲೆಯ ಟೈಪ್ ಬರೆಯಿರಿ. ಇಷ್ಟಾದರೆ ಸಿ ಫಂಕ್ಷನ್ನನ್ನು ಪೈಥಾನಿನದ್ದೇ ಎಂಬಂತೆ ಕರೆಯಬಹುದು. ವಿಂಡೋಸ್‌ನಲ್ಲಾದರೆ ಮಿನ್‌ಜಿಡಬ್ಲ್ಯು ಎಂಬ ವಿಂಡೋಸ್ ಜಿಸಿಸಿಯಿಂದ ಡಿಎಲ್‌ಎಲ್ (ವಿಂಡೋಸ್‌ನ ಶೇರ್ಡ್ ಲೈಬ್ರರಿ) ಮಾಡಿ. ಪೈಥಾನ್ 64 ಬಿಟ್, ಡಿಎಲ್‌ಎಲ್ 32 ಬಿಟ್ ಆಗಿದ್ದರೆ ‘ವಿನ್‌ಎರರ್ 193’ ಬರುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಒಂದು ಟಿಪ್ (ಬಕೆಟ್ ಒಮ್ಮೆ ಮಗುಚುವುದು) 200 ಮೈಕ್ರೋಮೀಟರ್, ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು, 254 ಮೈಕ್ರೋಮೀಟರ್. ಸೂತ್ರ: ಟಿಪ್ × 200 ÷ 254. ಪ್ರಾಂಪ್ಟಿನಲ್ಲಿ 127 ಟಿಪ್ ಕೊಡಿ; 127 × 200 = 25,400, ಭಾಗಿಸಿದರೆ ಕರಾರುವಾಕ್ಕಾಗಿ 100 ಸೆಂಟ್ಸ್, ಒಂದಿಂಚು. 1 ಟಿಪ್ ಕೊಟ್ಟರೆ 0 ಬರುತ್ತದೆ, ಏಕೆಂದರೆ ಪೂರ್ಣಾಂಕ ಭಾಗಾಕಾರ ಶೇಷವನ್ನು ಕಡಿದುಹಾಕುತ್ತದೆ. ಹಾಗಾಗಿ ಒಟ್ಟು ಟಿಪ್ ಕೂಡಿಟ್ಟುಕೊಂಡು ತೋರಿಸುವಾಗ ಮಾತ್ರ ಸೆಂಟ್ಸ್ ಮಾಡಿ. ಒಂದೊಂದೇ ಟಿಪ್ಪನ್ನು ಸೆಂಟ್ಸ್‌ಗೆ ತಿರುಗಿಸಿ ಕೂಡಿಸುತ್ತಾ ಹೋದರೆ ಮಳೆಗಾಲವಿಡೀ ಸೊನ್ನೆಯೇ.

ಇನ್ನು 163, 164 ಕೊಟ್ಟು ನೋಡಿ. ಲ್ಯಾಪ್‌ಟಾಪಿನಲ್ಲಿ 128, 129 ಬರುತ್ತವೆ. ಸರಿಯಾಗಿಯೇ ಇದೆ. ಅದೇ ಕೋಡು ಊನೋ ಮೇಲೆ 164ನೇ ಟಿಪ್ಪಿಗೆ ಋಣ 128 ಸೆಂಟ್ಸ್ ತೋರಿಸುತ್ತದೆ! ಊನೋದಲ್ಲಿ ‘ಇಂಟ್’ (ಸಿಯ ಮಾಮೂಲಿ ಪೂರ್ಣಾಂಕ ಟೈಪ್) 16 ಬಿಟ್, ಗರಿಷ್ಠ ಬೆಲೆ 32,767. 164 × 200 = 32,800, ಅದರಾಚೆ. ಲ್ಯಾಪ್‌ಟಾಪಿನಲ್ಲಿ ‘ಇಂಟ್’ 32 ಬಿಟ್ ಆದ್ದರಿಂದ ತಪ್ಪು ಕಾಣುವುದೇ ಇಲ್ಲ. 164 ಟಿಪ್ ಅಂದರೆ 32.8 ಮಿಲಿಮೀಟರ್, ಸುಮಾರು ಒಂದಿಂಚು ಮೂವತ್ತು ಸೆಂಟ್ಸ್. ಮಲೆನಾಡಿನ ಆಷಾಢದಲ್ಲಿ ಅದೇನು ದೊಡ್ಡ ಮಳೆಯಲ್ಲ. ಲ್ಯಾಪ್‌ಟಾಪ್ ಪರೀಕ್ಷೆಯ ದೊಡ್ಡ ಅಪಾಯ ಇದೇ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ವೇರಿಯಬಲ್‌ಗೆ ‘ಇಂಟ್16_ಟಿ’ (ಎಲ್ಲೆಡೆ 16 ಬಿಟ್ಟೇ ಇರುವ ಪೂರ್ಣಾಂಕ) ಎಂದು ಬರೆದ ಮಾತ್ರಕ್ಕೂ ಇದು ಸರಿಹೋಗದು. ಗುಣಿಸುವ ಮುನ್ನ ಸಿ ಭಾಷೆ ಸಣ್ಣ ಟೈಪುಗಳನ್ನು ತಾನೇ ‘ಇಂಟ್’ಗೆ ಏರಿಸುತ್ತದೆ, ಆ ‘ಇಂಟ್’ನ ಅಗಲ ಎರಡು ಕಡೆ ಬೇರೆ ಬೇರೆ. ಗುಣಿಸುವ ಮೊದಲೇ ಟಿಪ್ಪನ್ನು ‘ಇಂಟ್32_ಟಿ’ಗೆ ಕ್ಯಾಸ್ಟ್ ಮಾಡಿ (ಟೈಪ್ ಬದಲಿಸಿ), ಗುಣಲಬ್ಧವನ್ನು ಅದೇ ಟೈಪಿನ ಹೆಸರಿಟ್ಟ ವೇರಿಯಬಲ್‌ನಲ್ಲಿ ಇಡಿ. ತಪ್ಪನ್ನು ಲ್ಯಾಪ್‌ಟಾಪಿನಲ್ಲೇ ಕಣ್ಣಾರೆ ನೋಡಬೇಕೆಂದರೆ ಆ ನಡುವಿನ ವೇರಿಯಬಲ್ಲನ್ನು ಒಮ್ಮೆ ‘ಇಂಟ್16_ಟಿ’ ಮಾಡಿ ಕಂಪೈಲ್ ಮಾಡಿ. ಪ್ರಾಂಪ್ಟಿನಲ್ಲೇ -128 ಕಾಣುತ್ತದೆ.

ಪ್ರಶ್ನೆ: ಜೂನ್ ಮೊದಲ ವಾರ ತೋಟದಲ್ಲಿ ಸೋಲಾರ್ ಬ್ಯಾಟರಿ ಮೇಲೆ ಕೂರಿಸಿದ ಮಾಪಕ ಜುಲೈ ಕೊನೆಯ ವಾರದಲ್ಲಿ ಎಣಿಸುವುದನ್ನೇ ನಿಲ್ಲಿಸಿತು. ರೀಸೆಟ್ ಮಾಡಿದರೆ ಸರಿಹೋಗುತ್ತದೆ. ರೀಡ್ ಸ್ವಿಚ್ಚಿನ (ಆಯಸ್ಕಾಂತ ಹತ್ತಿರ ಬಂದಾಗ ಮುಚ್ಚುವ ಸ್ವಿಚ್ಚು) ಅದುರುವಿಕೆ ತಪ್ಪಿಸಲು 50 ಮಿಲಿಸೆಕೆಂಡ್ ಕಾಯುವ ಕೋಡು ಇದೆ. ಇಂಥದ್ದನ್ನು ಪ್ರಾಂಪ್ಟಿನಲ್ಲಿ ಹಿಡಿಯಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ಪ್ರಾಂಪ್ಟಿನ ನಿಜವಾದ ಲಾಭ ಇಲ್ಲಿದೆ, ಏಕೆಂದರೆ ಐವತ್ತು ದಿನ ಕಾಯಬೇಕಿಲ್ಲ. ಬೋರ್ಡ್ ಚಾಲೂ ಆದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯಿತೆಂದು ಹೇಳುವ ಆರ್ಡುಯಿನೋದ ‘ಮಿಲಿಸ್’ 32 ಬಿಟ್ಟಿನ ಎಣಿಕೆ. 4,294,967,296 ಮಿಲಿಸೆಕೆಂಡಿಗೆ, ಅಂದರೆ 49 ದಿನ 17 ಗಂಟೆ ಕಳೆದು ಎರಡು ಮೂರು ನಿಮಿಷಕ್ಕೆ, ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಜೂನ್ ಮೊದಲ ವಾರ ಚಾಲೂ ಮಾಡಿದರೆ ಆ ಗಳಿಗೆ ಜುಲೈ ಕೊನೆಯ ವಾರಕ್ಕೇ ಬರುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ಕಡೆ ಬೋರ್ಡ್ ರೀಸ್ಟಾರ್ಟ್ ಆಗುವುದರಿಂದ ಈ ದೋಷ ಅಡಗಿರುತ್ತದೆ. ಸೋಲಾರ್ ಇದ್ದಲ್ಲಿ ಹೊರಬೀಳುತ್ತದೆ.

ನಿಮ್ಮ ಷರತ್ತು ಬಹುಶಃ ‘ಈಗ > ಹಿಂದಿನದು + 50’ ಎಂದಿದೆ. ಕೊನೆಯ ಟಿಪ್ 4,294,967,000ಕ್ಕೆ ಬಿತ್ತು, ಎಣಿಕೆ ಸೊನ್ನೆಗೆ ಮರಳಿದ ಮೇಲೆ ಮುಂದಿನ ಟಿಪ್ 100ಕ್ಕೆ ಬಿತ್ತು ಎನ್ನಿ. 100 ಎಂಬುದು 4,294,967,050ಕ್ಕಿಂತ ದೊಡ್ಡದಲ್ಲ, ಆದ್ದರಿಂದ ಟಿಪ್ ತಿರಸ್ಕೃತ. ಮತ್ತೆ ಸುಮಾರು 49 ದಿನ ಇದೇ ಕಥೆ. ‘ಈಗ - ಹಿಂದಿನದು > 50’ ಎಂದು ಬರೆದರೆ ಚಿಹ್ನೆಯಿಲ್ಲದ ವ್ಯವಕಲನ ಸುತ್ತು ಹಾಕಿ 396 ಕೊಡುತ್ತದೆ. ಅದು ಸರಿಯಾದ ಉತ್ತರ.

ಪರೀಕ್ಷಿಸಲು ಬರಬೇಕಾದರೆ ಫಂಕ್ಷನ್ ಒಳಗೆ ‘ಮಿಲಿಸ್’ ಕರೆಯಬೇಡಿ. ಸಮಯವನ್ನು ಆರ್ಗ್ಯುಮೆಂಟಾಗಿ ತೆಗೆದುಕೊಳ್ಳಲಿ. ಬೋರ್ಡಿನಲ್ಲಿ ಸ್ಕೆಚ್ ಆ ಸಮಯ ಕೊಡುತ್ತದೆ, ಪ್ರಾಂಪ್ಟಿನಲ್ಲಿ ನೀವು ಕೊಡುತ್ತೀರಿ. ಟೈಪ್ ‘ಯುಇಂಟ್32_ಟಿ’ (ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕ) ಆಗಿರಲಿ. ‘ಅನ್‌ಸೈನ್ಡ್ ಲಾಂಗ್’ ಎಂದು ಬರೆದಿದ್ದರೆ ಊನೋದಲ್ಲಿ ಅದು 32 ಬಿಟ್, ವಿಂಡೋಸ್‌ನಲ್ಲೂ 32, ಆದರೆ 64 ಬಿಟ್ ಲಿನಕ್ಸಿನಲ್ಲಿ 64. ಆಗ ಪರೀಕ್ಷೆ ತಲೆಕೆಳಗಾಗುತ್ತದೆ. ಹಿಂದಿನದು 4,294,967,290, ಈಗ 10 ಎಂದು ಕೊಡಿ. ನಿಜವಾದ ಅಂತರ 16 ಮಿಲಿಸೆಕೆಂಡ್, ಅದುರುವಿಕೆ ಎಂದು ಬಿಟ್ಟುಬಿಡಬೇಕು. 64 ಬಿಟ್ಟಿನಲ್ಲಿ ಅಂತರ ದೈತ್ಯ ಸಂಖ್ಯೆಯಾಗಿ, ಸರಿಯಾದ ಕೋಡೇ ತಪ್ಪೆಂದು ತೋರುತ್ತದೆ. ಹಳೆಯ ಕೋಡಿನ ಇನ್ನೊಂದು ದೋಷ ಅಲ್ಲಿ ಮುಚ್ಚಿಯೂ ಹೋಗುತ್ತದೆ: ಹಿಂದಿನದು 4,294,967,290 ಇದ್ದಾಗ 50 ಕೂಡಿಸಿದರೆ 32 ಬಿಟ್ಟಿನಲ್ಲಿ 44 ಆಗುತ್ತದೆ, ಒಂದೇ ಮಿಲಿಸೆಕೆಂಡ್ ನಂತರದ ಅದುರುವಿಕೆಯೂ ಟಿಪ್ ಎಂದು ಎಣಿಕೆಯಾಗುತ್ತದೆ. 64 ಬಿಟ್ಟಿನಲ್ಲಿ ಅದು ಕಾಣುವುದಿಲ್ಲ.

ಪ್ರಶ್ನೆ: ಸಿಟೈಪ್ಸ್‌ನಿಂದ ಕರೆದರೆ ದಶಮಾಂಶ ಕೊಡಬೇಕಾದ ಫಂಕ್ಷನ್ ಸಂಬಂಧವಿಲ್ಲದ ಪೂರ್ಣಾಂಕ ಕೊಡುತ್ತದೆ. ಪಾಯಿಂಟರ್ (ಮೆಮೊರಿಯ ವಿಳಾಸ) ಹಿಂದಿರುಗಿಸುವ ಇನ್ನೊಂದು ಫಂಕ್ಷನ್ ಕೆಲವೊಮ್ಮೆ ಮಾತ್ರ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಬಿದ್ದುಹೋಗುತ್ತದೆ. ಸಿಯಲ್ಲೇ ಮೇನ್ ಬರೆದು ಕರೆದರೆ ಎರಡೂ ಸರಿ.
– ಓದುಗರು, ಚಿಕ್ಕಮಗಳೂರು

ಉತ್ತರ: ಎರಡಕ್ಕೂ ಕಾರಣ ಒಂದೇ, ‘ರೆಸ್‌ಟೈಪ್’ ಬರೆದಿಲ್ಲ. ಲೈಬ್ರರಿ ಫೈಲಿನಲ್ಲಿ ಹೆಸರುಗಳಿರುತ್ತವೆಯೇ ಹೊರತು ಟೈಪುಗಳಿರುವುದಿಲ್ಲ. ನೀವು ಹೇಳದಿದ್ದರೆ ಸಿಟೈಪ್ಸ್ ‘ಇಂಟ್’ ಎಂದುಕೊಳ್ಳುತ್ತದೆ. ದಶಮಾಂಶ ಬೆಲೆ ಬರುವ ರಿಜಿಸ್ಟರೇ (ಪ್ರೊಸೆಸರಿನೊಳಗೆ ಬೆಲೆ ಇಡುವ ಜಾಗ) ಬೇರೆ. ಪೈಥಾನ್ ಪೂರ್ಣಾಂಕದ ರಿಜಿಸ್ಟರ್ ಓದಿ ಅಲ್ಲಿದ್ದ ಕಸವನ್ನು ತೋರಿಸುತ್ತದೆ. 64 ಬಿಟ್ಟಿನ ಪಾಯಿಂಟರ್ 32ಕ್ಕೆ ಮೊಟಕಾಗುತ್ತದೆ, ಮೇಲಿನ ಅರ್ಧ ಸೊನ್ನೆ ಇದ್ದ ದಿನ ನಡೆಯುತ್ತದೆ, ಇಲ್ಲದ ದಿನ ಬೀಳುತ್ತದೆ. ಪಾಯಿಂಟರನ್ನು ಆರ್ಗ್ಯುಮೆಂಟಾಗಿ ವಾಪಸ್ ಕೊಡುವಾಗಲೂ ‘ಆರ್ಗ್‌ಟೈಪ್ಸ್’ ಇರಲೇಬೇಕು, ಅಲ್ಲೂ ಇದೇ ಮೊಟಕು.

ಟೈಪ್ ಬರೆದ ಮೇಲೂ ಒಂದು ಎಚ್ಚರ. ಸಿಟೈಪ್ಸ್ ಪೂರ್ಣಾಂಕಗಳ ಮಿತಿ ನೋಡುವುದಿಲ್ಲ. ‘ಸಿ_ಇಂಟ್16’ಗೆ 40,000 ಕೊಟ್ಟರೆ ಸದ್ದಿಲ್ಲದೆ -25,536 ಆಗುತ್ತದೆ. ‘ಸಿ_ಫ್ಲೋಟ್’ನಲ್ಲಿ 0.2 ಮರಳಿ ಬರುವಾಗ 0.20000000298 ಎಂದು ಕಾಣುವುದು ದೋಷವಲ್ಲ, 32 ಬಿಟ್ಟಿನ ನಿಖರತೆಯೇ ಅಷ್ಟು. ಸಮ ಚಿಹ್ನೆಯಿಂದ ಹೋಲಿಸದೆ ಅಂತರ ನೋಡಿ.

ಸ್ಟ್ರಕ್ಚರ್ (ಹಲವು ಬೆಲೆಗಳ ಗಂಟು) ಕಳಿಸುವುದಿದ್ದರೆ ಫೀಲ್ಡುಗಳ ಕ್ರಮ ಹೆಡರಿನಲ್ಲಿದ್ದಂತೆಯೇ ಇರಬೇಕು. ಒಂದು ಬೈಟ್ ಮತ್ತು ನಾಲ್ಕು ಬೈಟಿನ ಎರಡು ಫೀಲ್ಡುಗಳ ಸ್ಟ್ರಕ್ಚರ್ ಊನೋದಲ್ಲಿ 5 ಬೈಟ್, ಲ್ಯಾಪ್‌ಟಾಪಿನಲ್ಲಿ ನಡುವೆ ತುಂಬಿದ ಜಾಗ ಸೇರಿ 8. ಸಿಯಲ್ಲಿ ‘ಸೈಜ್ಆಫ್’ ಹಿಂದಿರುಗಿಸುವ ಪುಟ್ಟ ಫಂಕ್ಷನ್ ಬರೆದು, ಪೈಥಾನ್ ಕಡೆಯ ‘ಸೈಜ್ಆಫ್’ ಜೊತೆ ಮೊದಲ ಸಾಲಿನಲ್ಲೇ ಹೋಲಿಸಿ.

ಪ್ರಶ್ನೆ: ಕೋಡು ತಿದ್ದಿ ಮತ್ತೆ ಕಂಪೈಲ್ ಮಾಡಿ ಪ್ರಾಂಪ್ಟಿನಲ್ಲಿ ಕರೆದರೂ ಹಳೆಯ ಉತ್ತರವೇ ಬರುತ್ತದೆ.
– ಓದುಗರು, ಅರಸೀಕೆರೆ

ಉತ್ತರ: ಒಮ್ಮೆ ಲೋಡ್ ಆದ ಲೈಬ್ರರಿ ಆ ಪ್ರೊಸೆಸ್‌ನಲ್ಲಿ ಉಳಿದಿರುತ್ತದೆ, ಪೈಥಾನಿನ ‘ರೀಲೋಡ್’ ಅದನ್ನು ಬದಲಿಸದು. ಪ್ರಾಂಪ್ಟ್ ಮುಚ್ಚಿ ತೆರೆಯಿರಿ. ಬೇಸರ ತಪ್ಪಿಸಲು ಲೈಬ್ರರಿ ತೆರೆಯುವುದು, ಟೈಪ್ ಘೋಷಣೆ, ಬೇಕಾದ ವೇರಿಯಬಲ್ ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದು ‘ಪೈಥಾನ್3 -ಐ’ ಜೊತೆ ಆ ಫೈಲಿನ ಹೆಸರು ಕೊಡಿ. ಫೈಲ್ ಓಡಿ ಪ್ರಾಂಪ್ಟ್ ಸಿದ್ಧವಾಗಿ ನಿಲ್ಲುತ್ತದೆ. ಪ್ರಾಂಪ್ಟ್ ತೆರೆದಿರುವಾಗ ಹಳೆಯ ಲೈಬ್ರರಿಯ ಮೇಲೆಯೇ ‘ಸಿಪಿ’ಯಿಂದ ಹೊಸದನ್ನು ಬರೆಯಬೇಡಿ, ಓಡುತ್ತಿರುವ ಪೈಥಾನ್ ಬಿದ್ದುಹೋಗಬಹುದು.

ಪ್ರಶ್ನೆ: ತಪ್ಪು ಬೆಲೆ ಕೊಟ್ಟ ಕೂಡಲೇ ಪೈಥಾನೇ ಮಾಯವಾಗುತ್ತದೆ. ಯಾವ ಸಾಲಿನಲ್ಲಿ ಎಂದು ತಿಳಿಯುವುದು ಹೇಗೆ?
– ಓದುಗರು, ಕಡೂರು

ಉತ್ತರ: ಲೈಬ್ರರಿ ಮತ್ತು ಪೈಥಾನ್ ಒಂದೇ ಪ್ರೊಸೆಸ್‌ನಲ್ಲಿ ಇರುವುದರಿಂದ ಒಂದು ಬಿದ್ದರೆ ಎರಡೂ ಬೀಳುತ್ತವೆ. ಮೂರು ಸಾಧನಗಳಿವೆ, ಈ ಕ್ರಮದಲ್ಲೇ ಬಳಸಿ. ಪೈಥಾನಿಗೆ ‘-ಎಕ್ಸ್ ಫಾಲ್ಟ್‌ಹ್ಯಾಂಡ್ಲರ್’ ಕೊಟ್ಟರೆ ಬೀಳುವಾಗ ಪೈಥಾನಿನ ಯಾವ ಸಾಲಿನಿಂದ ಕರೆ ಹೋಗಿತ್ತು ಎಂದು ಬರೆದು ಬೀಳುತ್ತದೆ. ಸಿಯ ಸಾಲು ಬೇಕಾದರೆ ಜಿಡಿಬಿ ಡೀಬಗರನ್ನು ‘ಜಿಡಿಬಿ --ಆರ್ಗ್ಸ್ ಪೈಥಾನ್3’ ಎಂದು ಶುರುಮಾಡಿ, ‘ರನ್’ ಕೊಟ್ಟು, ಬಿದ್ದ ಮೇಲೆ ‘ಬಿಟಿ’ ಒತ್ತಿ. ‘-ಜಿ’ ಇಂದ ಕಂಪೈಲ್ ಆಗಿದ್ದರೆ ಮಾತ್ರ ಫೈಲ್ ಹೆಸರು, ಸಾಲಿನ ಸಂಖ್ಯೆ ಕಾಣುತ್ತವೆ.

ಮೂರನೆಯದು ಮೆಮೊರಿಯ ತಪ್ಪು ಬಳಕೆ ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್. ಅರೇಯ ಅಂಚು ಮೀರಿ ಬರೆದರೂ ತಕ್ಷಣ ಬೀಳದೆ, ಎಷ್ಟೋ ಹೊತ್ತಿನ ಮೇಲೆ ಬೇರೆಲ್ಲೋ ಬೀಳುವ ರೋಗಕ್ಕೆ ಇದೇ ಮದ್ದು. ‘-ಎಫ್‌ಸ್ಯಾನಿಟೈಸ್=ಅಡ್ರೆಸ್’ ಸೇರಿಸಿ ಕಂಪೈಲ್ ಮಾಡಿ. ಪೈಥಾನ್ ಹಾಗೆ ಕಂಪೈಲ್ ಆಗಿಲ್ಲದ ಕಾರಣ ಸ್ಯಾನಿಟೈಸರಿನ ಲೈಬ್ರರಿ ಎಲ್ಲಕ್ಕಿಂತ ಮೊದಲು ಲೋಡ್ ಆಗಬೇಕು. ‘ಜಿಸಿಸಿ -ಪ್ರಿಂಟ್-ಫೈಲ್-ನೇಮ್=ಲಿಬ್‌ಏಸಾನ್.ಎಸ್‌ಓ’ ಕೊಡುವ ಪಾಥನ್ನು ‘ಎಲ್‌ಡಿ_ಪ್ರಿಲೋಡ್’ನಲ್ಲಿ ಇಟ್ಟು ಪೈಥಾನ್ ಓಡಿಸಿ. ಪೈಥಾನ್ ತನ್ನದೇ ಮೆಮೊರಿಯನ್ನು ಕೊನೆಗೆ ಪೂರ್ತಿ ಬಿಡುವುದಿಲ್ಲ, ಅದರ ಲೀಕ್ ವರದಿ ಪುಟಗಟ್ಟಲೆ ಬರುತ್ತದೆ. ‘ಏಸಾನ್_ಆಪ್ಷನ್ಸ್’ನಲ್ಲಿ ‘ಡಿಟೆಕ್ಟ್_ಲೀಕ್ಸ್=0’ ಎಂದು ಅದನ್ನು ನಿಲ್ಲಿಸಿ.

ಪ್ರಶ್ನೆ: ಸೆನ್ಸರ್ ಓದುವ ಫಂಕ್ಷನ್ನನ್ನು ಸಿ ಕೋಡಿಗೆ ಪಾಯಿಂಟರಾಗಿ ಕೊಡುತ್ತೇವೆ. ಅದರ ಬದಲು ಪೈಥಾನ್ ಫಂಕ್ಷನ್ ಕೊಡಬಹುದೇ? ಕೊಟ್ಟು ನೋಡಿದೆ, ಮೊದಲು ನಡೆದು ಆಮೇಲೆ ಬೀಳುತ್ತದೆ.
– ಓದುಗರು, ಆಲೂರು

ಉತ್ತರ: ಕೊಡಬಹುದು. ಸುಳ್ಳು ಸೆನ್ಸರ್ ಮಾಡಲು ಇದು ಒಳ್ಳೆಯ ದಾರಿ. ‘ಸಿಫಂಕ್‌ಟೈಪ್’ನಿಂದ ಸುತ್ತಿದ ವಸ್ತುವನ್ನು ಕರೆಯ ಸಾಲಿನಲ್ಲೇ ಸೃಷ್ಟಿಸಿದ್ದರೆ ಆ ಸಾಲು ಮುಗಿದ ಮೇಲೆ ಪೈಥಾನ್ ಅದನ್ನು ಅಳಿಸುತ್ತದೆ, ಸಿ ಬಳಿ ಸತ್ತ ವಿಳಾಸ ಉಳಿಯುತ್ತದೆ. ಅದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡಿ.

ಪ್ರಶ್ನೆ: ಕಾಫಿ ಡ್ರೈಯರ್ ನಿಯಂತ್ರಣಕ್ಕೆ ಸಿ++ನಲ್ಲಿ ಕೆಲವು ಕ್ಲಾಸ್ ಬರೆದಿದ್ದೇವೆ, ವೆಕ್ಟರ್‌ಗಳೂ (ಬೆಳೆಯಬಲ್ಲ ಪಟ್ಟಿಗಳು) ಇವೆ. ಸಿಟೈಪ್ಸ್ ಸಾಕೇ, ಸ್ವಿಗ್ ಬೇಕೇ, ಪೈಬೈಂಡ್11 ಬೇಕೇ?
– ಓದುಗರು, ಸಕಲೇಶಪುರ

ಉತ್ತರ: ಹೊರಗೆ ಕಾಣಬೇಕಾದ್ದು ನಾಲ್ಕೈದು ಫಂಕ್ಷನ್ ಆಗಿದ್ದರೆ ‘ಎಕ್ಸ್‌ಟರ್ನ್ ಸಿ’ ಹೊದಿಕೆ ಬರೆದು ಸಿಟೈಪ್ಸ್ ಬಳಸಿ. 1996ರಲ್ಲಿ ಹೊರಬಂದ ಸ್ವಿಗ್, ಹೆಡರ್ ಓದಿ ಹಲವು ಭಾಷೆಗಳಿಗೆ ಹೊದಿಕೆ ತಾನೇ ತಯಾರಿಸುತ್ತದೆ. ಒಂದೇ ಕೋಡು ಪೈಥಾನ್, ಟಿಕ್ಲ್, ಲುವಾ ಮೂರಕ್ಕೂ ಬೇಕಿದ್ದರೆ ಅದು ಸರಿ. ನಿಮ್ಮದು ಪೈಥಾನ್ ಒಂದೇ ಆದರೆ ಪೈಬೈಂಡ್11 ಆರಿಸಿ. ಅದು ಬರೀ ಹೆಡರ್ ಫೈಲುಗಳ ಲೈಬ್ರರಿ, ಸಿ++11 ಕಂಪೈಲರ್ ಇದ್ದರೆ ಸಾಕು. ಟೈಪುಗಳನ್ನು ಕಂಪೈಲರೇ ತಿಳಿದುಕೊಳ್ಳುವುದರಿಂದ ‘ಆರ್ಗ್‌ಟೈಪ್ಸ್’ ಗೋಜಿಲ್ಲ, ಮಿತಿ ಮೀರಿದ ಪೂರ್ಣಾಂಕ ಕೊಟ್ಟರೆ ಸದ್ದಿಲ್ಲದೆ ಮೊಟಕಾಗದೆ ‘ಟೈಪ್‌ಎರರ್’ ಬರುತ್ತದೆ. ಸಿ++ ಎಸೆದ ‘ಇನ್‌ವ್ಯಾಲಿಡ್_ಆರ್ಗ್ಯುಮೆಂಟ್’ ಪೈಥಾನಿನಲ್ಲಿ ‘ವ್ಯಾಲ್ಯೂಎರರ್’ ಆಗಿ ಬರುತ್ತದೆ. ಪ್ರಾಂಪ್ಟಿನಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಎಡವುವ ಜಾಗಗಳು: ‘ಪೈಬೈಂಡ್11_ಮಾಡ್ಯೂಲ್’ ಒಳಗೆ ಬರೆದ ಹೆಸರು ಮತ್ತು ಫೈಲಿನ ಹೆಸರು ಒಂದೇ ಇರಬೇಕು, ಇಲ್ಲದಿದ್ದರೆ ಇಂಪೋರ್ಟ್ ಆಗದು. ಫೈಲಿನ ಬಾಲಕ್ಕೆ ‘ಪೈಥಾನ್3-ಕಾನ್ಫಿಗ್ --ಎಕ್ಸ್‌ಟೆನ್ಶನ್-ಸಫಿಕ್ಸ್’ ಕೊಡುವುದನ್ನೇ ಹಾಕಿ. ವೆಕ್ಟರ್ ಇದ್ದರೆ ‘ಪೈಬೈಂಡ್11/ಎಸ್‌ಟಿಎಲ್.ಎಚ್’ ಸೇರಿಸಿ. ಆದರೆ ಅದು ವೆಕ್ಟರನ್ನು ಪೈಥಾನ್ ಲಿಸ್ಟಾಗಿ ನಕಲು ಮಾಡಿ ಕೊಡುತ್ತದೆ, ಆ ಲಿಸ್ಟಿಗೆ ಏನು ಸೇರಿಸಿದರೂ ಸಿ++ ಕಡೆ ತಲುಪದು. ಎಲ್ಲಕ್ಕಿಂತ ಕೆಟ್ಟದ್ದು ಮಾಲೀಕತ್ವದ ಗೊಂದಲ. ಫಂಕ್ಷನ್ ಒಂದು ಪಾಯಿಂಟರನ್ನು ಹಿಂದಿರುಗಿಸಿದರೆ, ಅದನ್ನು ಅಳಿಸುವ ಹೊಣೆ ತನ್ನದೆಂದು ಪೈಥಾನ್ ಭಾವಿಸುತ್ತದೆ. ನಿಮ್ಮ ಕ್ಲಾಸೂ ಅಳಿಸಿದರೆ ಎರಡು ಸಲ ಅಳಿಸಿದಂತಾಗಿ ಬೀಳುತ್ತದೆ. ವಸ್ತುವಿನ ಒಳಭಾಗದ ಪಾಯಿಂಟರ್ ಆಗಿದ್ದರೆ ‘ರೆಫರೆನ್ಸ್_ಇಂಟರ್ನಲ್’ ನೀತಿ ಬರೆಯಿರಿ.

ಪ್ರಶ್ನೆ: ನಮ್ಮದು ಲೈಬ್ರರಿಯಾಗಿ ಬೇರ್ಪಡಿಸಲಾಗದ ಒಂದೇ ದೊಡ್ಡ ಪ್ರೋಗ್ರಾಮ್. ಅದರೊಳಗೇ ಪ್ರಾಂಪ್ಟ್ ಇಡಬಹುದೇ? ಬೋರ್ಡಿನಲ್ಲೂ ಆಗುತ್ತದೆಯೇ?
– ಓದುಗರು, ಬೇಲೂರು

ಉತ್ತರ: ಪ್ರೋಗ್ರಾಮಿನೊಳಗೆ ಇಡಲೆಂದೇ ಹುಟ್ಟಿದ ಭಾಷೆಗಳಿವೆ. ಜಾನ್ ಔಸ್ಟರ್‌ಹೌಟ್ 1988ರಲ್ಲಿ ಬರ್ಕ್ಲಿಯಲ್ಲಿ ಟಿಕ್ಲ್ ರೂಪಿಸಿದ್ದು ಇದಕ್ಕೇ. 1993ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಲುವಾ ಇನ್ನೂ ಹಗುರ. ಲುವಾದಲ್ಲಿ ‘ನ್ಯೂಸ್ಟೇಟ್’, ‘ಓಪನ್‌ಲಿಬ್ಸ್’ ಕರೆದು, ನಿಮ್ಮ ಫಂಕ್ಷನ್ನನ್ನು ‘ರಿಜಿಸ್ಟರ್’ ಮಾಡಿ. ಆ ಫಂಕ್ಷನ್ ‘ಚೆಕ್‌ಇಂಟಿಜರ್’ನಿಂದ ಬೆಲೆ ಪಡೆದು, ‘ಪುಶ್‌ಇಂಟಿಜರ್’ನಿಂದ ಉತ್ತರವನ್ನು ಸ್ಟ್ಯಾಕ್ ಮೇಲಿಟ್ಟು, ಎಷ್ಟು ಉತ್ತರ ಇಟ್ಟೆ ಎಂಬ ಸಂಖ್ಯೆಯನ್ನು ಹಿಂದಿರುಗಿಸಬೇಕು. 1ರ ಬದಲು 0 ಬರೆದರೆ ಪ್ರಾಂಪ್ಟಿನಲ್ಲಿ ಉತ್ತರವೇ ಕಾಣುವುದಿಲ್ಲ, ವೇರಿಯಬಲ್‌ನಲ್ಲಿ ಹಿಡಿದರೆ ‘ನಿಲ್’ (ಏನೂ ಇಲ್ಲ) ಸಿಗುತ್ತದೆ, ಹೊಸಬರು ಅಲ್ಲೇ ಸಿಕ್ಕಿಬೀಳುತ್ತಾರೆ. ತೋಟಕ್ಕೆ ಕೊಡುವ ಬಿಲ್ಡ್‌ನಲ್ಲಿ ಪ್ರಾಂಪ್ಟ್ ಉಳಿಯದಂತೆ ಮ್ಯಾಕ್ರೋ ಹಿಂದೆ ಇಡಿ.

ಊನೋದಲ್ಲಿ ರ‍್ಯಾಮ್ 2 ಕಿಲೋಬೈಟ್, ಫ್ಲ್ಯಾಶ್ 32 ಕಿಲೋಬೈಟ್, ಲುವಾಕ್ಕೂ ಜಾಗವಿಲ್ಲ. ಸೀರಿಯಲ್‌ನಲ್ಲಿ ಒಂದಕ್ಷರ, ಒಂದು ಸಂಖ್ಯೆ ಓದಿ ಫಂಕ್ಷನ್ ಕರೆಯುವ ಪುಟ್ಟ ಆಜ್ಞಾಸಾಲು ಸಾಕು. ಹೆಚ್ಚು ಮೆಮೊರಿಯ ಇಎಸ್‌ಪಿ32 ಬೋರ್ಡ್ ಇದ್ದರೆ ಮೈಕ್ರೋಪೈಥಾನ್ (ಪುಟ್ಟ ಬೋರ್ಡುಗಳಿಗಾಗಿ ಇರುವ ಪೈಥಾನ್) ಹಾಕಿ. ನಿಮ್ಮ ಸಿ ಫೈಲನ್ನು ‘ಯೂಸರ್_ಸಿ_ಮಾಡ್ಯೂಲ್ಸ್’ ಆಗಿ ಸೇರಿಸಿ ಫರ್ಮ್‌ವೇರ್ ಬಿಲ್ಡ್ ಮಾಡಿದರೆ ಬೋರ್ಡಿನಲ್ಲೇ ಪ್ರಾಂಪ್ಟ್ ಸಿಗುತ್ತದೆ.

ಪ್ರಶ್ನೆ: ಪ್ರಾಂಪ್ಟಿನಲ್ಲಿ ನೋಡಿದ್ದೆಲ್ಲ ಮುಚ್ಚಿದೊಡನೆ ಹೋಗುತ್ತದೆ. ಅದನ್ನು ಕಾಯಂ ಪರೀಕ್ಷೆಯಾಗಿ ಉಳಿಸುವುದು ಹೇಗೆ?
– ಉಪನ್ಯಾಸಕರು, ಚಿಕ್ಕಮಗಳೂರು

ಉತ್ತರ: ಅತಿ ಸುಲಭದ್ದು ‘ಡಾಕ್‌ಟೆಸ್ಟ್’. ಪ್ರಾಂಪ್ಟಿನ ಸಾಲುಗಳನ್ನು ಉತ್ತರಸಮೇತ ಒಂದು ಟೆಕ್ಸ್ಟ್ ಫೈಲಿಗೆ ಅಂಟಿಸಿ ‘ಪೈಥಾನ್3 -ಎಂ ಡಾಕ್‌ಟೆಸ್ಟ್’ ಕೊಟ್ಟರೆ ಅವನ್ನೇ ಮತ್ತೆ ಓಡಿಸಿ ಹೋಲಿಸುತ್ತದೆ. ಬಹಳ ಬೆಲೆಗಳಿದ್ದರೆ ಒಂದೇ ಪರೀಕ್ಷೆಯನ್ನು ಹಲವು ಬೆಲೆಗಳಿಗೆ ಓಡಿಸುವ ‘ಪೈಟೆಸ್ಟ್’ನ ‘ಪ್ಯಾರಾಮೆಟ್ರೈಸ್’ ಬಳಸಿ. ಮಳೆಮಾಪಕಕ್ಕಾದರೆ 0, 1, 2, 127, 163, 164 ಪಟ್ಟಿಯಲ್ಲಿ ಇರಲೇಬೇಕು.

ನಿರೀಕ್ಷಿತ ಉತ್ತರವನ್ನು ಸಿ ಸೂತ್ರದ ನಕಲಿನಿಂದ ಪಡೆಯಬೇಡಿ, ಸೂತ್ರ ತಪ್ಪಿದ್ದರೆ ಎರಡೂ ಕಡೆ ಒಂದೇ ತಪ್ಪು ಬರುತ್ತದೆ. ಪೈಥಾನಿನ ‘ಫ್ರ್ಯಾಕ್ಶನ್’ ಬಳಸಿ 0.2 ಮಿಲಿಮೀಟರನ್ನು 25.4ರಿಂದ ಭಾಗಿಸುವ ಸ್ವತಂತ್ರ ಲೆಕ್ಕ ಬರೆಯಿರಿ. ಅಲ್ಲಿ ಅಗಲದ ಮಿತಿ ಇಲ್ಲ. ಅದರ ಜೊತೆ ‘ಹೈಪಾಥಿಸಿಸ್’ ಲೈಬ್ರರಿಗೆ 0ರಿಂದ 20,000 ಟಿಪ್ ಎಂಬ ವ್ಯಾಪ್ತಿ ಕೊಟ್ಟರೆ ತಾನೇ ಬೆಲೆಗಳನ್ನು ಆರಿಸಿ ಎರಡು ಲೆಕ್ಕಗಳನ್ನು ಹೋಲಿಸುತ್ತದೆ. ಸೋತ ಬೆಲೆ ಸಿಕ್ಕರೆ ಅದನ್ನು ಕಿರಿದುಗೊಳಿಸುತ್ತಾ ಹೋಗುತ್ತದೆ. ನಡುವಿನ ವೇರಿಯಬಲ್ 16 ಬಿಟ್ ಇದ್ದ ಕೋಡಿಗೆ ಅದು ಹಿಡಿದುಕೊಡುವ ಬೆಲೆ 164.